ಎಡೆದೊರೆನಾಡಿನ ತುರುಗಳೂ ತೃಣೋದಕದ ಕ್ರಮವೂ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಮಹಾನದಿಗಳ ನಡುವಣ ಸೀಮೆಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆದಿರುವವು. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ತಕಾರಕ್ಕೆ ದಕಾರವು ಆದೇಶವಾಗಿ ಎಡೆದೊರೆ ಎಂದಾಯಿತು. ಮಾನ್ವಿ, ರಾಯಚೂರು, ದೇವದುರ್ಗ, ಸಿಂಧನೂರು, ಲಿಂಗಸುಗೂರು ಮೊದಲಾದ ಸ್ಥಳಗಳೆಲ್ಲವೂ ಈ ನಾಡಿನ ಮಡಿಲಲ್ಲಿರುವವು. ಹೆಸರನ್ನು ಕೇಳಿದವರಿಗೆ ಇದು ನೀರಿನಿಂದ ತುಂಬಿದ ನಾಡೆಂದು ತೋರಬಹುದು. ಆದರೆ ಹೊಳೆಗಳೆರಡೂ ನಾಡಿನ ಅಂಚುಗಳಲ್ಲಿ ಹರಿಯುವವೇ ಹೊರತು ಅದರ ಒಡಲಲ್ಲಿ ಹರಿಯವು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಅದೂ ಕೆಲವೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಕಾಲಿಡಗೊಡದ ಎರೆಭೂಮಿಯು ಬೇಸಗೆಯಲ್ಲಿ ಬಿರಿದು ಬಾಯಿ ತೆರೆಯುವದು. ಹಳ್ಳಗಳು ಮಳೆ ನಿಂತ ಕೆಲವು ವಾರಗಳಲ್ಲಿಯೇ ಮರಳಾಗುವವು. ಎರೆಯ ಬಾವಿಗಳಲ್ಲಿ ಅನೇಕವು ಸವುಳುನೀರಿನವು. ಎರಡು ಹೊಳೆಗಳ ನಡುವೆ ಇದ್ದೂ ಬಾಯಾರುವ ನಾಡು ಇದು.

ಇಂಥ ನಾಡಿನಲ್ಲಿ ತುರುಗಳನ್ನು ಸಾಕಿದವರು ಹುಲ್ಲನ್ನೂ ನೀರನ್ನೂ ಹೇಗೆ ಹೊಂದಿಸಿಕೊಂಡರು ಎಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು. ಸಂಸ್ಕೃತದಲ್ಲಿ ತೃಣೋದಕ ಎಂಬ ಒಂದೇ ಸಮಾಸದಲ್ಲಿ ಹುಲ್ಲೂ ನೀರೂ ಕೂಡಿ ಬರುವವು. ಆದರೆ ಲೋಕದಲ್ಲಿ ಗೋಮಾಳದ ಮಾತು ಬಂದಾಗ ತೃಣದ ಲೆಕ್ಕವನ್ನು ಎಲ್ಲರೂ ಹಾಕುವರು, ಉದಕದ ಲೆಕ್ಕವನ್ನು ಹಾಕುವವರು ವಿರಳ. ಇತಿಹಾಸವನ್ನು ಪರಿಶೀಲಿಸಿದರೆ ಕಂಡುಬರುವ ತತ್ತ್ವವು ಒಂದೇ: ಮೊದಲು ಬತ್ತುವ ನೀರಿನ ಬಳಿಯ ಹುಲ್ಲನ್ನು ಮೊದಲು ಮೇಯಿಸತಕ್ಕದ್ದು, ಕಡೆಗೆ ಬತ್ತುವ ನೀರಿನ ಬಳಿಯ ಹುಲ್ಲನ್ನು ಕಡೆಯವರೆಗೆ ಕಾಯ್ದಿಡತಕ್ಕದ್ದು. ಈ ಕ್ರಮವನ್ನು ಪಾಲಿಸಿದಲ್ಲಿ ಮಂದೆಗಳು ಉಳಿದವು. ಮರೆತಲ್ಲಿ ಹುಲ್ಲು, ನೀರು, ತುರು ಮೂರೂ ಕೆಟ್ಟವು.

ಬೂದಿದಿಬ್ಬಗಳ ಸಾಕ್ಷಿ

ಈ ಸೀಮೆಯಲ್ಲಿಯೂ ನೆರೆಯ ಬಳ್ಳಾರಿ, ಸುರಪುರ ಸೀಮೆಗಳಲ್ಲಿಯೂ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿರುವವು. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನರು ಬಹುಕಾಲ ಹೇಳಿಕೊಂಡು ಬಂದರು. ಇವು ಸುಟ್ಟ ಸಗಣಿಯ ರಾಶಿಗಳೆಂಬದು ಈಗ ಪ್ರಾಕ್ತನಶಾಸ್ತ್ರಜ್ಞರಲ್ಲಿ ನಿರ್ವಿವಾದವಾಗಿದೆ. ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು 1952ರಲ್ಲಿ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿಯೂ, 1957ರಲ್ಲಿ ಕೃಷ್ಣೆಯ ಆಚೆಯ ಉತ್ನೂರಿನಲ್ಲಿಯೂ ಉತ್ಖನನ ಮಾಡಿದರು. ಉತ್ನೂರಿನ ಬೂದಿಯ ಪದರಗಳ ನಡುವೆ ಮರದ ಕಂಬಗಳನ್ನು ನೆಟ್ಟು ಕಟ್ಟಿದ ದೊಡ್ಡಿಯ ಕುರುಹುಗಳೂ, ದನಗಳ ಗೊರಸಿನ ಗುರುತುಗಳೂ ದೊರೆತವು. ಕ್ರಿಸ್ತಪೂರ್ವ 3ನೆಯ ಸಹಸ್ರಮಾನದಿಂದಲೇ ಈ ಎಡೆಯಲ್ಲಿ ಜನರು ಮಂದೆಗಳನ್ನು ಕೂಡಿಹಾಕಿ ಬಾಳಿದರೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಪಿಕ್ಲಿಹಾಳದ ಬಂಡೆಗಳ ಮೇಲೆ ಅವರು ಬಿಡಿಸಿದ ಗೂಳಿಗಳ ಚಿತ್ರಗಳು ಇಂದಿಗೂ ಇರುವವು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮತ್ತೊಂದು. ದೊಡ್ಡಿಗಳಲ್ಲಿ ಕೆಲವು ನೆಲೆಯೂರಿದ ವಸತಿಗಳ ಪಕ್ಕದವೆಂದೂ, ಕೆಲವು ವರ್ಷದ ಒಂದು ಕಾಲದಲ್ಲಿ ಮಾತ್ರ ಮಂದೆಯು ಬಂದು ತಂಗುತ್ತಿದ್ದ ಎಡೆಗಳೆಂದೂ ಆಲ್ಚಿನ್ನರು 1963ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇದು ಸರಿಯಾದರೆ, ಒಂದೇ ಸ್ಥಳದ ಹುಲ್ಲುನೀರುಗಳಿಂದ ಈ ಸೀಮೆಯಲ್ಲಿ ಮಂದೆಯು ವರ್ಷವಿಡೀ ಬಾಳಲಾರದು ಎಂಬ ಅರಿವು ಇಲ್ಲಿನ ಮೊದಲ ಗೋವಳರಿಗೇ ಇತ್ತೆಂದು ಹೇಳಬೇಕಾಗುವದು.

ಶರಣರ ಕಾಲ

ಮಧ್ಯಯುಗದ ಕನ್ನಡನಾಡಿನಲ್ಲಿ ತುರುಗಳೇ ಊರಿನ ಐಶ್ವರ್ಯ. ತುರುಗೋಳಿನಲ್ಲಿ, ಎಂದರೆ ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ಕಾದಿ, ಮಡಿದ ವೀರರ ಕಲ್ಲುಗಳು ನಾಡಿನ ಉದ್ದಕ್ಕೂ ನಿಂತಿರುವವು. ಕಲ್ಯಾಣದ ಶರಣಸಮೂಹದಲ್ಲಿ ತುರುಗಾಹಿ ರಾಮಣ್ಣನವರು ದನ ಕಾಯುವದನ್ನೇ ಕಾಯಕವಾಗಿ ಕೈಕೊಂಡವರು. ಅವರ ಅಂಕಿತವಾದ ಗೋಪತಿನಾಥ ವಿಶ್ವೇಶ್ವರಲಿಂಗ ಎಂಬದರಲ್ಲಿಯೇ ಆ ಕಾಯಕದ ನೆನಪು ನಿಂತಿದೆ. ಅದೇ 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆಯು ಈಗಲೂ ಇದೆ. ಒಬ್ಬರು ತುರುವನ್ನು ಕಾಯ್ದರು, ಮತ್ತೊಬ್ಬರು ನೀರನ್ನು ನಿಲ್ಲಿಸಿದರು. ಈ ಎರಡು ಕಾಯಕಗಳು ಒಂದಕ್ಕೊಂದು ಪೂರಕವೆಂಬದನ್ನು ನಾವು ಸಾಮಾನ್ಯವಾಗಿ ಗಮನಿಸುವದಿಲ್ಲ. ಕಾಯುವವನಿಲ್ಲದ ಕೆರೆಯು ಕೆಸರಾಗುವದು; ಕೆರೆಯಿಲ್ಲದ ಕಾವಲು ಕೇವಲ ಅಲೆದಾಟವಾಗುವದು.

1520ರ ದಂಡು ಕಲಿಸಿದ ಪಾಠ

ಬಹು ಬಾಯಿಗಳು ಒಮ್ಮೆಲೇ ಒಂದೇ ನೀರಿಗೆ ಇಳಿದರೆ ಏನಾಗುವದೆಂಬದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವುಂಟು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯ ಮೇಲೆ ದಂಡೆತ್ತಿ ಬಂದನು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಜನು ಆ ದಂಡಯಾತ್ರೆಯ ವೃತ್ತಾಂತವನ್ನು ಬರೆದಿಟ್ಟಿರುವನು. ಬಾಯಾರಿದವರಿಗೆ ನೀರು ಕೊಡುವದಕ್ಕಾಗಿ ಚರ್ಮದ ಚೀಲಗಳನ್ನು ಹೊತ್ತ 10,000ದಿಂದ 12,000 ಜನರು ದಾರಿಯುದ್ದಕ್ಕೂ ನಿಂತಿದ್ದರೆಂದು ಆತನು ಹೇಳುವನು. ಒಂದು ಹೊಳೆಯನ್ನು ದಾಟುವಾಗ ಮೊದಲು ಇಳಿದವರಿಗೆ ನೀರು ಮೊಣಕಾಲಿನ ಅರ್ಧದವರೆಗೆ ಇದ್ದಿತು; ದಂಡಿನ ಅರ್ಧವು ದಾಟುವಷ್ಟರಲ್ಲಿಯೇ ಹೊಳೆಯು ಬತ್ತಿತು; ಹಿಂದೆ ಬಂದವರು ಮರಳಿನಲ್ಲಿ ಒರತೆಗಳನ್ನು ತೋಡಬೇಕಾಯಿತೆಂದು ಆತನ ಬರಹದಲ್ಲಿದೆ.

ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಆದರೆ ಹಳ್ಳದ ಮರಳಿನಲ್ಲಿ ಒರತೆ ತೋಡಿದ ಅನುಭವವುಳ್ಳ ಈ ಸೀಮೆಯ ಯಾರೂ ಆ ಕಥನವನ್ನು ಸುಳ್ಳೆನ್ನಲಾರರು. ದಂಡಿಗೆ ಇದ್ದ ಸೌಕರ್ಯವೆಂದರೆ ಅದು ದಾಟಿ ಮುಂದಕ್ಕೆ ಹೋಗುವದು. ಊರಿನ ಮಂದೆಯಾದರೋ ನಾಳೆಯೂ ಅದೇ ನೀರಿಗೆ ಬರಬೇಕು. ಆದ್ದರಿಂದ ಮಂದೆಯ ಯಜಮಾನನು ಇಂದಿನ ನೀರನ್ನು ನೋಡಿ ತೃಪ್ತನಾಗದೆ, ವೈಶಾಖದ ನೀರನ್ನು ಕಾರ್ತೀಕದಲ್ಲಿಯೇ ಎಣಿಸಬೇಕಾಗುವದು.

ಮೈಸೂರಿನ ಕಾವಲುಗಳು

ಹೀಗೆ ಮುಂದಾಗಿ ಎಣಿಸಿ, ಎಣಿಕೆಗೆ ತಕ್ಕಂತೆ ನೆಲವನ್ನು ವಿಂಗಡಿಸಿದ ಅತ್ಯಂತ ಪೂರ್ಣವಾದ ವ್ಯವಸ್ಥೆಯನ್ನು ನೋಡಬೇಕಾದರೆ ತುಂಗಭದ್ರೆಯನ್ನು ದಾಟಿ ಹಿಂದಿನ ಮೈಸೂರು ಸಂಸ್ಥಾನಕ್ಕೆ ಹೋಗಬೇಕು. ಶ್ರೀರಂಗಪಟ್ಟಣದ ಅರಸರ ಗೋಶಾಲೆಗೆ ಚಿಕ್ಕದೇವರಾಜ ಒಡೆಯರು (1672–1704) ಬೆಣ್ಣೆ ಚಾವಡಿ ಎಂದು ಹೆಸರಿಟ್ಟು, ನಾಡಿನ ಬೇರೆ ಬೇರೆ ಭಾಗಗಳಲ್ಲಿ ಅದಕ್ಕೆ ಕಾವಲುಗಳನ್ನು ಬಿಡಿಸಿದರು. ಹೈದರನ ಕಾಲದಲ್ಲಿ ಅಲ್ಲಿನ ಎತ್ತುಗಳು ತೋಪುಗಳನ್ನೂ ಸಾಮಗ್ರಿಯನ್ನೂ ಎಳೆದವು. ಚಿದಂಬರದ ಸಹಾಯಕ್ಕಾಗಿ ಆತನ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಹೇಳಿರುವರು. ಟಿಪ್ಪುವು ಇದಕ್ಕೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟು, ನಿರ್ವಹಣೆಗಾಗಿ ಹುಕುಂನಾಮೆಯನ್ನು ಹೊರಡಿಸಿದನು.

ಈ ಕಾವಲುಗಳ ವಿಂಗಡಣೆಯು ಗಮನಾರ್ಹವಾದದ್ದು. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ವಿವರಿಸಿರುವಂತೆ, ಹುಲ್ಲೂ ನೀರೂ ಯಾವ ಕಾಲದಲ್ಲಿ ದೊರೆಯುವವೋ ಅದನ್ನು ಅನುಸರಿಸಿ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ ಮಾಡಿದ್ದರು. ಇವುಗಳಲ್ಲಿ ಅತ್ಯಂತ ಬೆಲೆಯುಳ್ಳವು ಬೇಸಗೆಯ ಕಾವಲುಗಳು. ಅವು ಬಹುಮಟ್ಟಿಗೆ ಕೆರೆಯ ಅಂಗಳಗಳು: ನೀರು ಹಿಂದೆ ಸರಿದಂತೆಲ್ಲ ತೇವದ ನೆಲದಲ್ಲಿ ಹಸುರು ಹುಲ್ಲು ಚಿಗುರುವದು, ಹತ್ತಿರದಲ್ಲಿ ಮರಗಳ ನೆರಳಿರುವದು. ವಿಂಗಡಣೆಯ ಅರ್ಥವನ್ನು ವಾಚಕರು ಯೋಚಿಸಬೇಕು. ಮಳೆಗಾಲದಲ್ಲಿ ಎಲ್ಲೆಡೆಯೂ ಹುಲ್ಲುಂಟು, ಎಲ್ಲೆಡೆಯೂ ನೀರುಂಟು. ಆಗ ಮಂದೆಯನ್ನು ಕೆರೆಯಂಗಳದಲ್ಲಿಯೇ ಇಟ್ಟುಕೊಳ್ಳುವದು ಸುಲಭ. ಆದರೆ ಹಾಗೆ ಮಾಡಿದವನು ಬೇಸಗೆಯ ಅನ್ನವನ್ನು ಮಳೆಗಾಲದಲ್ಲಿಯೇ ಉಂಡಂತಾಗುವದು. ಬತ್ತುವ ಹೊಂಡಗಳ ಬಯಲನ್ನು ಮೊದಲು ಮೇಯಿಸಿ, ಕೆರೆಯನ್ನು ಕಡೆಗೆ ಉಳಿಸಿದ್ದೇ ಆ ವ್ಯವಸ್ಥೆಯ ರಹಸ್ಯವು.

ರಹಸ್ಯವನ್ನು ಕಾಯುವವರು ಇಲ್ಲವಾದಾಗ ಫಲವೂ ಕಾಣಿಸಿಕೊಂಡಿತು. 1799ರ ಅನಂತರ ಮೇಲ್ವಿಚಾರಣೆಯು ಸಡಿಲವಾಗಿ ಮಂದೆಯು ಕ್ಷೀಣಿಸಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದ ಮೇಲೆ ಮತ್ತೆ ಚೇತರಿಸಿಕೊಂಡಿತು. 1860ರಲ್ಲಿ ವೆಚ್ಚದ ಉಳಿತಾಯಕ್ಕೆಂದು ಮಂದೆಯನ್ನು ಮಾರಿಬಿಟ್ಟರು. ಒಳ್ಳೆಯ ಎತ್ತುಗಳು ದೊರೆಯದೆ 1866ರಲ್ಲಿ ಪುನಃ ಕಟ್ಟಬೇಕಾಯಿತು. ಈಚಿನ ಕಾಲದಲ್ಲಿ ಕಾವಲುಗಳ ಬಹುಭಾಗವು ಬೇರೆ ಕಾರ್ಯಗಳಿಗೆ ಹೋಗಿದೆ. ಚಳ್ಳಕೆರೆಯ ಸೀಮೆಯಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿದಾಗ ಸುತ್ತಲಿನ ಊರುಗಳ ಜನರು ನ್ಯಾಯಮಂಡಲಿಯ ಮೊರೆಹೋದರು. ನೆಲದ ಮೊತ್ತವು ಕಡಿಮೆಯಾದದ್ದಷ್ಟೇ ನಷ್ಟವಲ್ಲ. ಮೂರು ಕಾಲಗಳ ಮೂರು ಕೊಂಡಿಗಳಿಂದ ಆದ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿದೆರಡರಿಂದ ವರ್ಷವು ತುಂಬುವದಿಲ್ಲ.

ಕಾಲುವೆ ಬಂದ ಮೇಲೆ

ಈಗ ನಮ್ಮ ಸೀಮೆಗೆ ಮರಳೋಣ. ಇಲ್ಲಿ ಅರಸರ ಕಾವಲುಗಳಿರಲಿಲ್ಲ, ಊರೂರಿನ ಗಾಯರಾಣಗಳಿದ್ದವು. ನೆಲದ ಗುಣವೇ ಇಲ್ಲಿಯೂ ಮೂರು ಕಾಲಗಳನ್ನು ಗೊತ್ತುಮಾಡಿತ್ತು. ಮಳೆಗಾಲದಲ್ಲಿ ಗುಡ್ಡದ ಮಗ್ಗುಲು ಮತ್ತು ಮಸಾರಿಯ ಬಯಲು: ಅಲ್ಲಿ ಕಾಲು ಹೂಳದು, ಬಂಡೆಯ ದೊಣೆಗಳಲ್ಲಿಯೂ ಹಳ್ಳಗಳಲ್ಲಿಯೂ ನೀರಿರುವದು. ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಎರೆಯ ಹೊಲಗಳ ಕೂಳೆ, ಸಮೀಪದ ಕೆರೆಹೊಂಡಗಳ ನೀರು. ಕಡುಬೇಸಗೆಯಲ್ಲಿ ಕಣಿಕೆಯ ಬಣವೆ, ಮತ್ತು ದೊಡ್ಡ ಕೆರೆ ಅಥವಾ ಹೊಳೆಯ ಮಡು. ಇದು ಯಾವ ಹುಕುಂನಾಮೆಯಲ್ಲಿಯೂ ಬರೆದದ್ದಲ್ಲ. ಮಳೆ, ಮಣ್ಣು ಮತ್ತು ಬೆಳೆಗಳು ವಿಧಿಸಿದ ಕ್ರಮವು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟರು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ಹಾಯ್ದು ತನ್ನ ಕೊನೆಯ ಭಾಗದಲ್ಲಿ ಮಾನ್ವಿ, ರಾಯಚೂರುಗಳಿಗೆ ಬರುವದು. ದೇವದುರ್ಗದ ಕಡೆಗೆ ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆ ಕಾಲುವೆಯಿಂದ ಬಂದಿದೆ. ಬರವನ್ನೇ ಕಂಡ ನಾಡಿಗೆ ಕಾಲುವೆಗಳು ಅನ್ನವನ್ನು ತಂದವು. ಇದನ್ನು ಮರೆಯುವದು ಕೃತಘ್ನತೆಯಾದೀತು. ಆದರೆ ತುರುವಿನ ದೃಷ್ಟಿಯಿಂದ ಎರಡು ಸಂಗತಿಗಳನ್ನು ಹೇಳದೆ ಇರಲಾಗದು. ಮೊದಲನೆಯದು, ಕಾಲುವೆಯ ನೀರು ಬೆಳೆಯ ಕಾಲದ ನೀರು. ಬೇಸಗೆಯಲ್ಲಿ ಕಾಲುವೆಯನ್ನು ನಿಲ್ಲಿಸುವರು. ಎಂದರೆ ಮಳೆಗಾಲದಲ್ಲಿ ನೀರು ಹೆಚ್ಚಾಯಿತು, ತುರುಗಳಿಗೆ ಅತ್ಯಗತ್ಯವಾದ ಚೈತ್ರವೈಶಾಖಗಳಲ್ಲಿ ಅದು ನಂಬಿಕೆಗೆ ಅರ್ಹವಾಗಲಿಲ್ಲ. ಎರಡನೆಯದು, ಕಾಲುವೆಯಿದೆ ಎಂಬ ಧೈರ್ಯದಿಂದ ಹಳೆಯ ಹೊಂಡಗಳನ್ನು ಹೂಳು ತುಂಬಲು ಬಿಟ್ಟಲ್ಲಿ, ಬಯಲು ಗದ್ದೆಯಾದಲ್ಲಿ, ಹೊಳೆಗೆ ಇಳಿಯುವ ದನದ ಹಾದಿಯು ಬದುವಿನೊಳಗೆ ಸೇರಿದಲ್ಲಿ, ಊರಿನ ಮಂದೆಗೆ ಕಡೆಯ ಆಸರೆಯು ತಪ್ಪಿತು. ಮೊದಲು ಬತ್ತುವ ನೀರನ್ನೇ ಕಡೆಯ ನೀರೆಂದು ನಂಬುವದು ಮೇಲೆ ಹೇಳಿದ ಕ್ರಮಕ್ಕೆ ನೇರವಾಗಿ ವಿರುದ್ಧವಾದದ್ದು.

ಇದಕ್ಕೆ ಪ್ರತಿಯಾಗಿ, ಎಲ್ಲೆಡೆಯೂ ಕೊಳವೆಬಾವಿಗಳನ್ನು ಕೊರೆದರೆ ಸಾಕಲ್ಲವೇ ಎಂದು ಕೇಳುವವರುಂಟು. ಆಫ್ರಿಕ ಖಂಡದ ಸಾಹೇಲ್ ಸೀಮೆಯಲ್ಲಿ ಹಾಗೆಯೇ ಆಳವಾದ ಬಾವಿಗಳನ್ನು ಕೊರೆದಿದ್ದರು. 1968ರಿಂದ 1973ರ ವರೆಗಿನ ಬರದಲ್ಲಿ ಮಂದೆಗಳೆಲ್ಲವೂ ಅಲ್ಲಿಗೇ ಬಂದು ಕೂಡಿದವು. ಸುತ್ತಲಿನ ಹುಲ್ಲು ಬೇರುಸಹಿತ ತೀರಿತು. ಅಸಂಖ್ಯ ದನಗಳು ನೀರಿನ ಪಕ್ಕದಲ್ಲಿಯೇ ಹಸಿವಿನಿಂದ ಸತ್ತವು. ಹುಲ್ಲನ್ನು ಎಣಿಸದೆ ನೀರನ್ನು ಮಾತ್ರ ತಂದರೂ ಅನರ್ಥವೇ. ತೃಣೋದಕವೆಂಬ ಸಮಾಸವನ್ನು ಬಿಡಿಸಬಾರದೆಂಬದು ಇದರಿಂದ ಸಿದ್ಧವಾಗುವದು.

ಎಣಿಕೆಯೂ ಕ್ರಮವೂ

ಇನ್ನು ಊರಿನವರು ಮಾಡಬಹುದಾದದ್ದನ್ನು ಸಂಕ್ಷೇಪವಾಗಿ ಹೇಳುವೆನು. ಬಯಲನ್ನು ಪಾಲುಪಾಲಾಗಿ ವಿಂಗಡಿಸಿ, ಒಂದನ್ನು ಮೇಯಿಸುವಾಗ ಉಳಿದವುಗಳಿಗೆ ವಿಶ್ರಾಂತಿ ಕೊಡುವ ಪದ್ಧತಿಯನ್ನು ಇಂದು ಅನೇಕ ದೇಶಗಳಲ್ಲಿ ಬೋಧಿಸುತ್ತಿರುವರು. ಫ್ರಾನ್ಸಿನ ವಾಜೆನ್ ಎಂಬವರು 1957ರ ತಮ್ಮ ಗ್ರಂಥದಲ್ಲಿ, ಹುಲ್ಲಿನ ವಿಶ್ರಾಂತಿಯ ದಿನಗಳು ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗಬೇಕೆಂದು ಪ್ರತಿಪಾದಿಸಿದರು. ನಮ್ಮ ಸೀಮೆಯಲ್ಲಿ ಈ ಸರದಿಯನ್ನು ನೀರಿನಿಂದಲೇ ಆರಂಭಿಸಬೇಕು.

ಒಂದನೆಯದಾಗಿ, ಊರಿನ ಪ್ರತಿಯೊಂದು ಹಳ್ಳ, ಹೊಂಡ, ಕೆರೆ, ಬಾವಿಗಳ ಮುಂದೆ ಅದು ಯಾವ ತಿಂಗಳಲ್ಲಿ ಬತ್ತುವದೆಂದು ಬರೆದಿಡಬೇಕು. ಊರಿನ ಹಿರಿಯರಿಗೆ ಇದು ಬಾಯಿಪಾಠವಾಗಿರುವದು. ಆ ಪಟ್ಟಿಯೇ ಮೇಯಿಸುವ ಸರದಿಯ ಪಂಚಾಂಗವು.

ಎರಡನೆಯದಾಗಿ, ಬಾಯಿಗಳನ್ನು ಎಣಿಸಬೇಕು. ಬೆಳೆದ ಒಂದು ದನಕ್ಕೆ ದಿನವೊಂದಕ್ಕೆ 30ರಿಂದ 50 ಲೀಟರು ನೀರು ಬೇಕು. ಹಯನಿನ ಎಮ್ಮೆಗೆ ಇನ್ನೂ ಹೆಚ್ಚು. ನಡುವಣ ಲೆಕ್ಕವಾಗಿ 40 ಲೀಟರೆಂದು ಹಿಡಿದರೂ 100 ದನಗಳಿಗೆ ದಿನಕ್ಕೆ 4,000 ಲೀಟರು, ಬೇಸಗೆಯ 90 ದಿನಗಳಿಗೆ 3,60,000 ಲೀಟರು. ಇದು 12 ಮೀಟರು ಉದ್ದ, 10 ಮೀಟರು ಅಗಲ, 3 ಮೀಟರು ಆಳದ ಹೊಂಡದ ನೀರು. ಆದರೆ ಬಿಸಿಲೂ ಕುಡಿಯುವದು. ದಿನಕ್ಕೆ 8 ಮಿಲಿಮೀಟರು ಆವಿಯಾಗುವದೆಂದು ಎಣಿಸಿದರೂ 90 ದಿನಗಳಲ್ಲಿ 72 ಸೆಂಟಿಮೀಟರು ನೀರು ಹೋಗುವದು. ಆದ್ದರಿಂದ ಅಗಲವಾದ ತೆಳುನೀರಿಗಿಂತ ಕಿರಿದಾದ ಆಳನೀರು ಲೇಸು. 1966ರ ಭೂಕಂದಾಯ ನಿಯಮಗಳಲ್ಲಿ 100 ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗೋಮಾಳವಿರಬೇಕೆಂದಿದೆ. ಇದು ನೆಲದ ಲೆಕ್ಕ. ಇದರ ಪಕ್ಕದಲ್ಲಿ ನೀರಿನ ಲೆಕ್ಕವನ್ನು ಊರೇ ಬರೆದುಕೊಳ್ಳಬೇಕು.

ಮೂರನೆಯದಾಗಿ, ಮಂದೆಯನ್ನು ನೀರಿನೊಳಗೆ ಇಳಿಸಬಾರದು; ನೀರನ್ನು ಮಂದೆಯ ಬಳಿಗೆ ತರಬೇಕು. ಏರಿಯಿಂದ ಸ್ವಲ್ಪ ದೂರದಲ್ಲಿ ಗಟ್ಟಿನೆಲದ ಮೇಲೆ ಕಲ್ಲುದೋಣಿಯನ್ನಿಟ್ಟು, ಮಂದೆಯ ಹತ್ತರಲ್ಲೊಂದು ಪಾಲು ಒಮ್ಮೆಗೇ ನಿಂತು ಕುಡಿಯುವಷ್ಟು ಉದ್ದವನ್ನು ಇಡಬೇಕು. ಆಗ ದಡವು ಕುಸಿಯದು, ಸಗಣಿಗಂಜಲಗಳಿಂದ ನೀರು ಕೆಡದು, ಬಲಿಷ್ಠವಾದದ್ದು ಬಡದನವನ್ನು ನೂಕದು. ಕಾಲುವೆಯ ಜಾರುವ ದಡಗಳಿಗೂ ಇದೇ ಉಪಾಯವು.

ನಾಲ್ಕನೆಯದಾಗಿ, ಮೇಯುವ ಪಾಲಿಗೂ ನೀರಿಗೂ ನಡುವೆ ಬಹಳ ದೂರವಿರಬಾರದು. ನಡೆಯುವ ಹೊತ್ತೆಲ್ಲ ಮೇಯದ ಹೊತ್ತು. ಬಿಸಿಲಿನ ನಡಿಗೆಯು ಬಾಯಾರಿಕೆಯನ್ನು ಮತ್ತೆ ಹೆಚ್ಚಿಸುವದು. ದೂರದ ಪಾಲುಗಳನ್ನು, ಅಲ್ಲಿಯ ಹೊಂಡದಲ್ಲಿ ನೀರಿರುವಾಗಲೇ ಮೇಯಿಸಿ ಮುಗಿಸಬೇಕು. ನೀರಿನ ಸುತ್ತಲಿನ ನೆಲವು ತುಳಿತದಿಂದ ಬರಡಾಗುವದು ಎಲ್ಲ ದೇಶಗಳ ಅನುಭವವು. ಆದಕಾರಣ ಒಂದೇ ನೀರಿಗೆ ವರ್ಷವಿಡೀ ಹೋಗದೆ, ನೀರಿನ ಎಡೆಗೂ ಸರದಿಯ ಪ್ರಕಾರ ವಿಶ್ರಾಂತಿ ಕೊಡಬೇಕು.

ಐದನೆಯದು ಎಲ್ಲಕ್ಕಿಂತಲೂ ಮುಖ್ಯವಾದದ್ದು. ದನದ ಹಾದಿಗಳನ್ನು ಬಿಡಿಸಿಕೊಳ್ಳಬೇಕು, ಮತ್ತು ಸರದಿಯನ್ನು ನೋಡಿಕೊಳ್ಳಲು ಊರಿನವರೇ ಒಪ್ಪಿದ ಒಬ್ಬ ತುರುಗಾಹಿಯಿರಬೇಕು. ಮೈಸೂರಿನ ಕಾವಲುಗಳು ಮೇಲ್ವಿಚಾರಣೆ ಸಡಿಲವಾದಾಗ ಕೆಟ್ಟವು, ಬಿಗಿಯಾದಾಗ ಚೇತರಿಸಿಕೊಂಡವು. ನೆಲವೂ ನೀರೂ ಆಗ ಅವೇ ಇದ್ದವು. ಬದಲಾದದ್ದು ಕಾಯುವವನ ನಿಷ್ಠೆಯೊಂದೇ.

ಶ್ರೀಮಠದ ಸದ್ಭಕ್ತರಲ್ಲಿ ಬಹುಜನರು ಒಕ್ಕಲುತನದವರು. ಅನೇಕರ ಹೊಲಗಳ ಅಂಚಿನಲ್ಲಿಯೇ ಹಳೆಯ ಹೊಂಡಗಳೂ ದನದ ಹಾದಿಗಳೂ ಇರುವವು. ಮಹೋತ್ಸವದ ಸ್ಮರಣಾರ್ಥವಾಗಿ ಏನನ್ನಾದರೂ ಮಾಡಬೇಕೆಂಬ ಇಚ್ಛೆಯು ಎಲ್ಲರಲ್ಲಿಯೂ ಇರುವದು ಸಹಜವು. ಕಲ್ಲಿನ ಕಮಾನುಗಳು ಆಗುವವು, ಆಗಲಿ. ಅದರೊಂದಿಗೆ ಊರಿಗೊಂದು ಹೂಳು ತೆಗೆದ ಹೊಂಡವೂ, ಅದರ ಪಕ್ಕದಲ್ಲಿ ಒಂದು ಕಲ್ಲುದೋಣಿಯೂ, ಅಲ್ಲಿಗೆ ಹೋಗುವ ಹತ್ತು ಮೊಳದ ಹಾದಿಯೂ ಉಳಿದರೆ, ಬರುವ ವೈಶಾಖದಲ್ಲಿ ಬಾಯಿಲ್ಲದ ಜೀವಗಳು ಅದರ ಫಲವನ್ನು ಉಣ್ಣುವವು. ಮಳೆಯು ನಿಂತು ಹಳ್ಳದ ನೀರು ಇಳಿಯುವ ಮೊದಲೇ ಆ ಪಟ್ಟಿಯನ್ನು ಬರೆಯಲಾರಂಭಿಸುವದು ಉಚಿತವೆಂದು ಸೂಚಿಸಿ, ಈ ಲೇಖನವನ್ನು ಮುಗಿಸುವೆನು.